ದೇವಕ್ಕ ಇಳಿಯುತ್ತಿದ್ದ ತಿರುವು

ಟಕ್.

ಅಷ್ಟೇ ಸದ್ದು. ಪಾರ್ಕಿಂಗಿನ ಕಂಬಕ್ಕೆ ನೇತುಹಾಕಿದ ಚಾರ್ಜರಿನ ಹೊಟ್ಟೆಯೊಳಗೆ ಏನೋ ಒಂದು ಇನ್ನೊಂದರ ಕೈಬಿಟ್ಟಂತೆ. ಅದರ ಬೆನ್ನಿಗೇ ಕೆಂಪು ದೀಪ ಆರಿ ಹಸಿರು ಹತ್ತುತ್ತಿತ್ತು. ಗುಂಯ್ ಎನ್ನುತ್ತಿದ್ದ ಸಣ್ಣ ಪಂಖ ದಣಿದು ನಿಲ್ಲುತ್ತಿತ್ತು. ಬೆಳಿಗ್ಗೆ ಡ್ಯೂಟಿಗೆ ಬಂದ ಬಡೇಸಾಬ ಚಹಾದ ಗ್ಲಾಸು ಹಿಡಿದು ಈ ಸದ್ದಿಗೇ ಕಾಯುತ್ತ ನಿಲ್ಲುತ್ತಿದ್ದ. ಹಸಿರು ಹತ್ತಿತೆಂದರೆ ಗಾಡಿಯ ಹೊಟ್ಟೆ ತುಂಬಿತು ಎಂದು ಕಾಲೊನಿಯಲ್ಲಿ ಎಲ್ಲರೂ ತಿಳಿದಿದ್ದರು. ಹೊಟ್ಟೆ ತುಂಬಿದ ಗಾಡಿ ದಿನಾ ಸಂಜೆ ಅದೇ ತಿರುವಿಗೆ ಬಂದು ಯಾಕೆ ಕಾಲು ಎಳೆದು ನಿಲ್ಲುತ್ತದೆ ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ. ಬಡೇಸಾಬ ಯಾವ ಕತೆಯನ್ನೂ ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಅಲ್ಲಿ ದೇವಕ್ಕ ಇಳಿಯುತ್ತಾಳೆ.

ದೇವಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆದುಹೋಗಿತ್ತು.

ಪವಾಯಿಯ ಕೆರೆಯ ಮಗ್ಗುಲಲ್ಲಿ ಗುಡ್ಡ ಕಡಿದು ಕಟ್ಟಿದ ಕಾಲೊನಿ ಅದು. ಗೇಟು ಕೆಳಗೆ, ಬಿಲ್ಡಿಂಗುಗಳು ಮೇಲೆ. ನಡುವೆ ಹಾವು ಮಲಗಿದಂತೆ ಏರುವ ರಸ್ತೆ. ವಯಸ್ಸಾದವರು, ಕಾಲುನೋವಿನವರು ಏರಲಾರರೆಂದು ಕಮಿಟಿಯವರು ಒಂದು ಬ್ಯಾಟರಿ ಗಾಡಿ ಇಟ್ಟಿದ್ದರು. ನಾಲ್ಕು ಕಂಬ, ಮೇಲೊಂದು ಚಾವಣಿ, ಎರಡು ಸಾಲು ಸೀಟು. ಸೀಟು ಎತ್ತಿದರೆ ಕೆಳಗೆ ಎಂಟು ಬ್ಯಾಟರಿಗಳು ಹೆಗಲಿಗೆ ಹೆಗಲು ತಾಗಿಸಿ ಕೂತಿರುತ್ತಿದ್ದವು. ವಾರಕ್ಕೊಮ್ಮೆ ಅವುಗಳ ಮುಚ್ಚಳ ಬಿಚ್ಚಿ, ತಗ್ಗಿದ ನೀರನ್ನು ತುಂಬಿಸಿ, ಬಟ್ಟೆಯಿಂದ ಒರೆಸುವುದು ಬಡೇಸಾಬನ ಕೆಲಸ. ಆ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಳಗಿನ ಆಸಿಡ್ ಹನಿ ಸಿಡಿದು ಅವನ ಅಂಗಿಗಳ ಅಂಚೆಲ್ಲ ಅಕ್ಕಿಕಾಳಿನಷ್ಟಗಲದ ತೂತುಗಳಾಗಿದ್ದವು.

ಅವನು ಸಿಂದಗಿಯ ಕಡೆಯವನು. ಮೀಸೆ ಮೂಡುವ ಹೊತ್ತಿಗೆ ಸೋದರಮಾವನ ಬೆನ್ನುಹತ್ತಿ ಮುಂಬಯಿಗೆ ಬಂದು, ಗೋರೆಗಾಂವ್‌ನಲ್ಲಿ ಆಯುಷ್ಯದ ಬಹುಪಾಲು ರಿಕ್ಷಾ ಓಡಿಸಿ, ಕಣ್ಣಿಗೆ ಪೊರೆ ಬಂದ ಮೇಲೆ ರಿಕ್ಷಾ ಬಿಟ್ಟು ಈ ಗಾಡಿಗೆ ಬಂದಿದ್ದ. ಮನೆಯಲ್ಲಿ ಹೆಂಡತಿ ಅಖ್ತರಿಯ ಜೊತೆ ದಖನಿ ಉರ್ದು, ರಸ್ತೆಯಲ್ಲಿ ಹಿಂದಿ, ವಾಚ್‌ಮನ್‌ಗಳ ಜೊತೆ ಅರೆಬರೆ ಮರಾಠಿ. ಮಗ ಮುಶರಫನಿಗೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ಹೀಗೆ ಕನ್ನಡ ಅವನ ಬಾಯಲ್ಲಿ ಬಳಸದೆ ಇಟ್ಟ ಪಾತ್ರೆಯಂತೆ ಮಸುಕಾಗುತ್ತಿದ್ದಾಗ ದೇವಕ್ಕ ಗಾಡಿ ಹತ್ತಿದಳು.

ಉಡುಪಿ ಕಡೆಯ ಹೆಂಗಸು. ಗಂಡ ಚೆಂಬೂರಿನಲ್ಲಿ ಹೋಟೆಲು ನಡೆಸಿ ಹೋಗಿದ್ದ. ಈಗ ಮಗ, ಸೊಸೆ ನೀಲಾವತಿಯೊಂದಿಗೆ ಗುಡ್ಡದ ತುದಿಯ ಬಿಲ್ಡಿಂಗಿನಲ್ಲಿ ಇದ್ದಳು. ಸಕ್ಕರೆ ಕಾಯಿಲೆ. ದಿನಾ ಸಂಜೆ ಕೆರೆಯತನಕ ಹೋಗಿ ನಡೆದೇ ಗುಡ್ಡ ಹತ್ತಬೇಕೆಂದು ಡಾಕ್ಟರು ಹೇಳಿದ್ದರು, ನೀಲಾವತಿ ಅದನ್ನು ಶಾಸನದಂತೆ ಹಿಡಿದಿದ್ದಳು. ದೇವಕ್ಕ ಇಳಿಯುವಾಗ ನಡೆಯುತ್ತಿದ್ದಳು. ಹತ್ತುವಾಗ ಮಾತ್ರ ಆಚೀಚೆ ನೋಡಿ ಬಡೇಸಾಬನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತಿದ್ದಳು.

"ಸಾಯ್ಬ್ರೆ, ಆ ತಿರುವಿನಲ್ಲಿ ನಿಲ್ಸಿ ಆಯ್ತಾ? ಆಚೆ ಹೋದ್ರೆ ನಮ್ಮ ಬಾಲ್ಕನಿಗೆ ಕಾಣ್ತದೆ. ಅಲ್ಲಿ ಸಿಐಡಿ ನಿಂತಿರ್ತದೆ."

"ಸೊಸಿಗೆ ಸುಳ್ಳ ಹೇಳ್ತೀರೇನ್ರಿ ಅವ್ವಾರ, ಈ ವಯಸ್ಸಿನ್ಯಾಗ?"

"ಸುಳ್ಳೆಂತ ಬಂತು ಮಾರಾಯ್ರೆ? ನಡ್ಕೊಂಡು ಬಂದ್ರಾ ಅಂತ ಕೇಳ್ತಾಳೆ. ಹೌದು ಅಂತೇನೆ. ತಿರುವಿನಿಂದ ಮನೆವರೆಗೆ ನಡ್ಕೊಂಡೇ ಹೋಗುದಲ್ವಾ?"

ಗೇಟಿನಿಂದ ತಿರುವಿನವರೆಗೆ ಇಬ್ಬರದೂ ಕನ್ನಡ. ಅವನ ಮಾತು ಕೇಳಿದರೆ ಜಗಳಕ್ಕೆ ಬಂದ ಹಾಗೆ ಉಂಟು ಎಂದು ಅವಳು ನಗುತ್ತಿದ್ದಳು. ನಿಮ್ಮ ಮಾತು ಸಾಲಿ ಪುಸ್ತಕ ಓದಿದಂಗ ಅಕ್ಕೈತ್ರಿ ಎಂದು ಅವನು ತಿರುಗಿ ಕೊಡುತ್ತಿದ್ದ. ದೊಡ್ಡ ವಿಷಯಗಳೇನೂ ಇರಲಿಲ್ಲ. ಹೀರೇಕಾಯಿಯ ಸಿಪ್ಪೆಯ ಚಟ್ನಿಗೆ ಎಳ್ಳು ಹಾಕಬೇಕೋ ಬೇಡವೋ, ಜೋಳದ ರೊಟ್ಟಿ ತಣ್ಣಗಾದ ಮೇಲೆ ಹಲ್ಲಿಲ್ಲದವರು ಏನು ಮಾಡುತ್ತಾರೆ, ಇಂಥವು. ತಿರುವಿನಲ್ಲಿ ಅವಳು ಕಂಬ ಹಿಡಿದು ಮೆಲ್ಲಗೆ ಇಳಿದಾಗ ಗಾಡಿಯ ಹಿಂಭಾಗ ಸ್ಪ್ರಿಂಗಿನ ಮೇಲೆ ಒಂದು ಬೆರಳಷ್ಟು ಮೇಲೇಳುತ್ತಿತ್ತು. ಆ ಹಗುರವನ್ನು ಅವನ ಬೆನ್ನು ಗುರುತಿಟ್ಟುಕೊಂಡಿತ್ತು. ಕನ್ನಡಿಯಲ್ಲಿ ನೋಡದೆಯೇ, ಇಳಿದರು ಎಂದು ತಿಳಿಯುತ್ತಿತ್ತು.

ಜೂನಿನ ಮೊದಲ ಜಡಿಮಳೆಯ ವಾರ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ದೇವಕ್ಕ ಏಳಲಿಲ್ಲ. ಹೃದಯ ನಿಂತಿತ್ತು. ಅದೇ ಮಳೆಯಲ್ಲಿ ಪಾರ್ಕಿಂಗಿಗೆ ನೀರು ನುಗ್ಗಿ ಗಾಡಿಯ ದೊಡ್ಡ ಚಾರ್ಜರು ಸುಟ್ಟುಹೋಗಿತ್ತು. ಕ್ಲಬ್‌ಹೌಸಿನ ಸಣ್ಣ ಗಾಡಿಯದೊಂದು ಚಾರ್ಜರು ಉಗ್ರಾಣದಲ್ಲಿ ಬಿದ್ದಿತ್ತೆಂದು ಯಾರೋ ತಂದು ಸಿಗಿಸಿದರು. ಕೆಂಪು ಹತ್ತಿತು, ಬೆಳಿಗ್ಗೆ ಹಸಿರೂ ಹತ್ತಿತು. ಯಾರೂ ಮತ್ತೆ ಅದರ ಕಡೆ ನೋಡಲಿಲ್ಲ.

ಮಳೆ ಹೊಳವಾದ ಒಂದು ಸಂಜೆ ಬಡೇಸಾಬ ಯಾರನ್ನೋ ಹತ್ತಿಸಿಕೊಂಡು ಗುಡ್ಡ ಏರುತ್ತಿದ್ದ. ತಿರುವು ಬಂತು. ಅವನು ಬ್ರೇಕಿಗೆ ಕಾಲಿಡಲಿಲ್ಲ. ಗಾಡಿ ತಾನಾಗಿ ನಿಧಾನವಾಯಿತು, ಉಸಿರು ಬಿಟ್ಟಿತು, ನಿಂತಿತು. ಹಿಂಭಾಗ ಸ್ಪ್ರಿಂಗಿನ ಮೇಲೆ ಒಂದು ಬೆರಳಷ್ಟು ಮೇಲೆದ್ದಿತು. ಕೆರೆಯ ಕಡೆಯಿಂದ ಪಾಚಿಯ ವಾಸನೆಯ ಗಾಳಿ ಬಂದು ಖಾಲಿ ರಸ್ತೆಯ ಮೇಲೆ ಎಲೆಗಳನ್ನು ಸರಿಸಿತು. ಒಬ್ಬಳು ಸೆರಗು ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿದ್ದು, ಆಮೇಲೆ ಪೆಡಲು ಒತ್ತಿದಾಗ ಗಾಡಿ ಏನೂ ಆಗದ ಹಾಗೆ ಹೊರಟಿತು.

ಬಡೇಸಾಬನ ಮೈ ಜುಮ್ಮೆಂದಿತು. ಹೆದರಿಕೆಯಲ್ಲ. ಬಹಳ ದಿನದ ಮೇಲೆ ಯಾರೋ ಹೆಸರು ಹಿಡಿದು ಕರೆದಾಗ ಆಗುತ್ತದಲ್ಲ, ಹಾಗೆ.

ಅಂದಿನಿಂದ ದಿನಾ ಸಂಜೆ ಅದೇ. ಬೆಳಗಿನ ಹೊತ್ತು ಗಾಡಿ ತಡೆಯಿಲ್ಲದೆ ಏರುತ್ತಿತ್ತು. ದೇವಕ್ಕ ಬರುತ್ತಿದ್ದ ಸಂಜೆಯ ಹೊತ್ತಿಗೇ ನಿಲ್ಲುತ್ತಿತ್ತು. ಕಾಲೊನಿಯ ಕೆಲವರು ಗಾಡಿಯನ್ನೇ ಬಿಟ್ಟು ಉಸ್ಸೆನ್ನುತ್ತ ನಡೆಯತೊಡಗಿದರು. ಬಡೇಸಾಬನಿಗೆ ಅದೂ ಒಳ್ಳೆಯದೇ ಆಯಿತು. ಖಾಲಿ ಗಾಡಿ ಹಗುರವೆಂದು ಎಲ್ಲಿ ನಿಲ್ಲದೆ ಹೋಗುತ್ತದೋ ಎಂಬ ಅಂಜಿಕೆಯಿಂದ ಹಿಂದಿನ ಸೀಟಿನಲ್ಲಿ ನೀರಿನ ಎರಡು ಕ್ಯಾನು ಇಟ್ಟುಕೊಂಡು ಏರುತ್ತಿದ್ದ. ತಿರುವಿನಲ್ಲಿ ನಿಂತು, "ಸಾವಕಾಶ ಇಳೀರಿ ಅವ್ವಾರ" ಎನ್ನುತ್ತಿದ್ದ. ಅದು ಅವನ ದಿನದ ಕನ್ನಡ.

ಅಖ್ತರಿಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅಕ್ಕಪಕ್ಕದವರಿಗೆ ತಿಳಿಯಬಾರದ ವಿಷಯವಿದ್ದಾಗ ಅವಳು ಅಪರೂಪಕ್ಕೆ ದಖನಿ ಬಿಟ್ಟು ಕನ್ನಡಕ್ಕೆ ಬರುತ್ತಿದ್ದಳು. "ಆ ಮುದುಕಿ ಸತ್ತ ಮ್ಯಾಲೂ ನಿಮ್ಮನ್ನ ಬಿಡವಲ್ಲಳಲ್ರೀ! ಬಾಜೂ ಮಸೀದಿ ಹಜರತರ ಕಡೆ ಸತ್ತವರಿಗಂತ ಫಾತಿಹಾ ಓದಿಸ್ರಿ."

"ಹುಚ್ಚಿ, ಅವರು ದಿನಾ ದೇವರಿಗೆ ಹೂವು ಏರಿಸಾವ್ರು. ಫಾತಿಹಾ ಓದಿಸಿದ್ರ ಬೈದಾರು."

"ಬೈದ್ರ ಬೈಲಿ. ಬೈಸಿಕೊಳ್ಳಾಕಂತನ ಅಲ್ಲಿ ಗಾಡಿ ನಿಲ್ಲಸ್ತೀರಲ್ಲ ದಿನಾ," ಎಂದಳು. ಅವಳ ಮಾತು ಸುಳ್ಳಾಗಿರಲಿಲ್ಲ.

ಚಳಿಗಾಲಕ್ಕೆ ಸ್ವಲ್ಪ ಮೊದಲು ನೀಲಾವತಿಯ ಮೊಣಕಾಲಿನ ಆಪರೇಶನ್ ಆಯಿತು. ಐವತ್ತು ದಾಟಿದ, ಎತ್ತರದ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಗೇಟಿನ ಪಕ್ಕದ ಕ್ಲಿನಿಕ್ಕಿನಲ್ಲಿ ದಿನಾ ಸಂಜೆ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಹೋಗುವುದು ಬರುವುದು ಗಾಡಿಯಲ್ಲೇ ಆಗಬೇಕು. ಕೈಯಲ್ಲಿ ವಾಕರ್ ಹಿಡಿದು ಅವಳು ಕೂತದ್ದು ಹಿಂದಿನ ಸೀಟಿನಲ್ಲೇ.

ಮೊದಲ ಸಂಜೆ ತಿರುವಿನಲ್ಲಿ ಗಾಡಿ ನಿಂತಾಗ ನೀಲಾವತಿಯ ಬೆರಳುಗಳು ಕಂಬದ ಮೇಲೆ ಬೆಳ್ಳಗಾದವು. ಕಾಲೊನಿಯಲ್ಲಿ ಹಬ್ಬಿದ ಭೂತದ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ತುಳುವಿನಲ್ಲಿ ಏನೋ ಪಿಸುಗುಟ್ಟಿದಳು. ಬಡೇಸಾಬನಿಗೆ ಅದರಲ್ಲಿ 'ಮಾಮಿ' ಎಂಬ ಒಂದು ಶಬ್ದ ಮಾತ್ರ ತಿಳಿಯಿತು. ಅತ್ತೆಯನ್ನು ಹಾಗೆ ಕರೆಯುತ್ತಾರೆಂದು ದೇವಕ್ಕನೇ ಹೇಳಿದ್ದಳು. ಎರಡನೆಯ ಸಂಜೆ ಗಾಡಿ ನಿಂತ ಕೂಡಲೆ ನೀಲಾವತಿ ವಾಕರ್ ಕೆಳಗಿಟ್ಟು ಇಳಿದೇಬಿಟ್ಟಳು.

"ಅಕ್ಕಾರ, ಏನ್ ಮಾಡಾಕ ಹತ್ತೀರಿ? ಒಂದ ನಿಮಿಷ, ಗಾಡಿ ಹೊಂಡತೈತಿ."

"ಬೇಡ. ನಾನು ನಡೀತೇನೆ. ಅವರಿಗೆ ಬೇಕಾದ್ದು ಅದೇ." ಅವಳು ವಾಕರ್ ನೆಟ್ಟಗೆ ಮಾಡಿಕೊಂಡಳು. "ಮಳೆ ಬರ್ಲಿ, ಬಿಸಿಲಿರ್ಲಿ, ನಡೀರಿ ನಡೀರಿ ಅಂತ ಅಟ್ಟಿದ್ದು ನಾನೇ. ಹೋಗುವ ಹಿಂದಿನ ದಿನ ಕಾಲು ನೋವು ಅಂದ್ರು. ನಾಟಕ ಮಾಡ್ಬೇಡಿ ಅಂದೆ. ಈ ಗುಡ್ಡ ಹತ್ತಿಸಿ ಹತ್ತಿಸಿ ನಾನೇ ಅವರ ಎದೆ ಒಡೆದದ್ದು. ಈಗ ನನ್ನನ್ನು ನಡೆಸ್ತಿದ್ದಾರೆ. ನಡೆಸ್ಲಿ."

ಬಡೇಸಾಬನ ನಾಲಿಗೆಯ ತುದಿಗೆ ಮಾತು ಬಂತು. ಅವರು ನಡೀತಿದ್ದಿಲ್ರೀ. ಇಷ್ಟೇ ಮಾತು. ಆದರೆ ಆ ಮಾತು ಹೇಳಿದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಡಾಕ್ಟರು ನಡೆಯಿರಿ ಅಂದದ್ದು ಬದುಕಲಿ ಎಂದು. ನಡೆಯಬೇಕಾದವಳನ್ನು ಕೂರಿಸಿಕೊಂಡು ಬಂದವನು ಯಾರು? ಈ ಪ್ರಶ್ನೆಯನ್ನು ಅವನು ತಿರುವಿನಲ್ಲಿ ದಿನಾ ನೋಡುತ್ತಿದ್ದ, ದಿನಾ ದಾಟಿ ಹೋಗುತ್ತಿದ್ದ. ನೀಲಾವತಿ ವಾಕರ್ ಊರುತ್ತ ಹೊರಟಳು. ಏರಿನ ನಡುವೆ ಆಪರೇಶನ್ ಆದ ಕಾಲು ಮಡಚಿಕೊಂಡಿತು. ಅವನು ಓಡಿ ಹೋಗಿ ಹಿಡಿಯದಿದ್ದರೆ ರಸ್ತೆಗೆ ಬೀಳುತ್ತಿದ್ದಳು.

ಮರುದಿನ ಕಾಲೊನಿಯ ಎಲೆಕ್ಟ್ರಿಶಿಯನ್ ರೋಶನ್ ಗಾಡಿಯ ಹತ್ತಿರ ಬಂದ. ಮಂಗಳೂರಿನ ಹುಡುಗ, ಲಿಫ್ಟು, ಪಂಪು, ದೀಪ ಎಂದು ದಿನವಿಡೀ ಓಡಾಡುವವನು. ನೀಲಾವತಿಯ ಗಂಡ ಕಮಿಟಿಗೆ ದೂರು ಕೊಟ್ಟಿದ್ದ. ರೋಶನ್ ಚಾರ್ಜರಿನ ಮೇಲಿನ ಧೂಳು ಒರೆಸಿ, ಓದಿ, ತಲೆ ಚಚ್ಚಿಕೊಂಡ.

"ಎಂತದು ಸಾಯ್ಬ್ರೆ ಇದು! ಇದು ಕ್ಲಬ್‌ಹೌಸಿನ ಗಾಡಿಯದ್ದು. ಇದನ್ನು ಹಾಕಿಕೊಂಡು ಭೂತ ಹಿಡಿದಿದೆ ಅಂತ ಹೇಳಿಕೊಂಡು ತಿರುಗ್ತಾ ಇದ್ದೀರಾ ಎಲ್ಲರೂ?"

"ಹಸಿರು ಹತ್ತತೈತಲ್ಲೋ?"

"ಹಸಿರು ಅದಕ್ಕೆ ಸಾಕಾಯ್ತು ಅಂತ ಹತ್ತುದು. ಬ್ಯಾಟರಿಗೆ ಸಾಕಾಯ್ತು ಅಂತ ಅಲ್ಲ." ನಗುತ್ತ ಅವನ ಹೆಗಲು ತಟ್ಟಿದ. "ಗೋರೆಗಾಂವ್‌ನಲ್ಲಿ ನಮ್ಮ ಕಾಲೊನಿಗೆ ಸಾಮಾನು ಕೊಡುವ ಸಂತು ಅಂತ ಇದ್ದಾನೆ, ನಿಮ್ಮ ಮನೆ ಕಡೆಯೇ. ನನಗೆ ಇವತ್ತು ಲಿಫ್ಟಿನವರು ಬರ್ತಾರೆ. ನೀವೇ ಹೋಗಿ. ಬ್ಯಾಟರಿಯ ಮೇಲಿನ ಚೀಟಿ ಎಲ್ಲ ಆಸಿಡ್ ತಿಂದು ಹೋಗಿದೆ, ಅದರ ಒಳಗು ಹೊರಗು ಗೊತ್ತಿರುದು ನಿಮಗೇ. ಅವನು ಕೇಳಿದ್ದಕ್ಕೆ ಸರಿಯಾಗಿ ಹೇಳಿ, ಸಾಕು. ಸರಿಯಾದ್ದು ಅವನೇ ಆರಿಸಿ ಕೊಡ್ತಾನೆ. ಆಮೇಲೆ ನೋಡಿ, ಯಾವ ತಿರುವಿನಲ್ಲೂ ನಿಲ್ಲುದಿಲ್ಲ."

ಯಾವ ತಿರುವಿನಲ್ಲೂ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಹಳೆಯ ಚಾರ್ಜರನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಬಡೇಸಾಬನಿಗೆ ಗೋರೆಗಾಂವ್ ಬರುವತನಕ ಆ ಮಾತೇ ಕಿವಿಯಲ್ಲಿತ್ತು.

ಸಂತುವಿನ ಅಂಗಡಿ ಸ್ಟೇಶನ್ನಿನ ಆಚೆಯ ಗಲ್ಲಿಯಲ್ಲಿ. ಬೆಳಗಾವಿ ಕಡೆಯವನು, ದುಂಡು ಮುಖ, ಗಿರಾಕಿ ಯಾರಾದರೂ ಮೊದಲು ಚಹಾ ತರಿಸುವವನು.

"ಬರ್ರಿ ಚಾಚಾ. ರೋಶನ್ ಫೋನ್ ಮಾಡಿದ್ದ. ಭೂತದ ಗಾಡಿ ನಿಮ್ಮದ ಅಲ್ಲ?" ನಕ್ಕ. "ಬ್ಯಾಟ್ರಿ ಎಷ್ಟ ಅದಾವು?"

"ಎಂಟು. ಒಂದೊಂದು ಆರು ವೋಲ್ಟಿಂದು."

"ಅಂದ್ರ ನಲವತ್ತೆಂಟರ ಚಾರ್ಜರ್ ಬೇಕು. ಅದರಾಗ ತಪ್ಪಿಲ್ಲ. ಬ್ಯಾಟ್ರಿ ಎಷ್ಟ ದೊಡ್ಡವು?"

"ಒಂದನ್ನ ಎತ್ತಾಕ ಇಬ್ಬರು ಬೇಕು."

"ಹಂಗಿದ್ರ ಎರಡನೂರ ಮ್ಯಾಲೆ ಆಂಪಿಯರ್-ಅವರ್ ಇರಬೇಕು." ತೊಡೆಯ ಮೇಲಿನ ಚಾರ್ಜರನ್ನು ತೆಗೆದುಕೊಂಡು ತಿರುಗಿಸಿ ನೋಡಿದ. "ಇದು ಹತ್ತು ಆಂಪಿಯರಿಂದು! ಎಮ್ಮಿಗೆ ಚಮಚೆಲೆ ನೀರು ಕುಡಿಸಿದಂಗ ಆತಲ್ರೀ. ಬ್ಯಾಟ್ರಿ ಎಷ್ಟ ದೊಡ್ಡದೈತಿ, ಅದರ ಹತ್ತನೇ ಭಾಗದಷ್ಟಾದ್ರೂ ಚಾರ್ಜರ್ ಇರಬೇಕು, ಅಂದ್ರ ರಾತ್ರಿ ಒಳಗ ಹೊಟ್ಟಿ ತುಂಬತೈತಿ. ನಿಮ್ಮ ಗಾಡಿಗೆ ಇಪ್ಪತ್ತೈದು ಬೇಕು. ಈಗ ಖರೇ ಮಾತು ಹೇಳ್ರಿ: ಬ್ಯಾಟ್ರಿ ನೀರು ಹಾಕೂವು ಏನು, ಸೀಲ್ ಇದ್ದವು?"

ಚಹಾ ಬಂತು. ಬಡೇಸಾಬ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದ. ತಾನು ಎಷ್ಟು ಸಲ ಆ ಮುಚ್ಚಳ ಬಿಚ್ಚಿದ್ದಾನೆ, ಒಳಗಿನ ಕಪ್ಪು ನೀರಿನಲ್ಲಿ ಎಷ್ಟು ಸಲ ತನ್ನದೇ ಮುಖದ ಚೂರು ಕಂಡಿದ್ದಾನೆ.

"ಸೀಲ್," ಎಂದ.

"ಹಾಂ, ಹಂಗಿದ್ರ ಬ್ಯಾರೆ. ಅವಕ್ಕ ಜೋರು ಮಾಡಾಕ ಬರೂದಿಲ್ಲ. ಹೆಚ್ಚಿಗಿ ತುಂಬಿಸಿದ್ರ ಒಳಗ ಒಣಗಿ ಹೋಗ್ತಾವು, ಮತ್ತ ನೀರು ಹಾಕಾಕ ಬಾಯಿ ಇರೂದಿಲ್ಲ. ಇಂಥಾದ್ದ ಒಂದು ಹೊಸಾದು ಕೊಡ್ತೀನಿ." ಸಂತು ಮೇಲಿನ ಸಾಲಿನಿಂದ ಒಂದು ಡಬ್ಬ ಇಳಿಸಿದ. ಇಳಿಸಿ ತಿರುಗಿದವನ ಕಣ್ಣು ಬಡೇಸಾಬನ ಅಂಗಿಯ ಅಂಚಿಗೆ ಬಿತ್ತು. "ಸೀಲ್ ಬ್ಯಾಟ್ರಿ ಅಂತೀರಿ, ಅಂಗಿ ಜರಡಿ ಆಗೇತಿ?"

"ಹಳೇ ಅಂಗಿ. ಮೊದಲಿನ ಬ್ಯಾಟ್ರಿ ಇದ್ದಾಗಿಂದು."

"ಹೊಸಾದು ಹೊಲಿಸಿಕೊಳ್ರಿ. ಚಾಚಿ ಬಿಡ್ತಾರೇನು ಹಿಂಗ?" ಸಂತು ಡಬ್ಬಕ್ಕೆ ದಾರ ಸುತ್ತತೊಡಗಿದ. ಕೈ ಕೆಲಸದಲ್ಲಿದ್ದಾಗ ಬಾಯಿ ಸುಮ್ಮನಿರುವ ಜಾತಿಯಲ್ಲ ಅವನದು. "ಕೇಳಿದ್ದು ಯಾಕಂದ್ರ, ನೀರಿನ ಬ್ಯಾಟ್ರಿಗೆ ಈ ಚಾರ್ಜರ್ ಹಾಕಿದ್ರ ಹೊರಗ ಏನೂ ಕಾಣೂದಿಲ್ಲ. ಹಸಿರು ಹತ್ತತೈತಿ. ಆದ್ರ ಅವಕ್ಕ ದಿನಾ ಕಡೀಕ ಒಂದೀಟು ಮ್ಯಾಲೆ ಏರಿಸಿ ಕುದಿಸಬೇಕು, ಇದು ಅಲ್ಲೀತನಕ ಹೋಗೂದ ಇಲ್ಲ. ಅರ್ಧಾ ಹೊಟ್ಟಿ. ಅರ್ಧಾ ಹೊಟ್ಟಿ ಅಂದ್ರ ಒಳಗಿನ ಸೀಸದ ತಟ್ಟಿಗೆ ಬಿಳೀ ಪುಡಿ ಕಟ್ಟತೈತಿ. ದಿನಾ ಒಂದೀಟು ಒಂದೀಟು ಸಾಯ್ತಾವು. ಮೊದಲ ಗುಡ್ಡದ ಮ್ಯಾಲೆ ನಿಂತಾವು. ತಿಂಗಳು ಬಿಟ್ಟು ಅದಕ್ಕಿಂತ ಕೆಳಗ. ಆಮ್ಯಾಲೆ ಇನ್ನೂ ಕೆಳಗ. ಕಡೀಕ ಶೆಡ್ಡಿನಾಗಿಂದ ಹೊರಗ ಬರೂದಿಲ್ಲ. ಆವಾಗ ಎಂಥಾ ಚಾರ್ಜರ್ ತಂದ್ರೂ ಏಳೂದಿಲ್ಲ."

ಬಡೇಸಾಬ ಚಹಾದ ಗ್ಲಾಸನ್ನು ಮೇಜಿನ ಮೇಲಿಟ್ಟ.

ಕಳೆದ ವಾರ ಒಂದು ಸಂಜೆ ಗಾಡಿ ತಿರುವಿನಲ್ಲಿ ನಿಂತಿರಲಿಲ್ಲ. ಅದಕ್ಕಿಂತ ಕೆಳಗೆ, ಕಸದ ಡಬ್ಬಿಗಳನ್ನು ಸಾಲಾಗಿ ಇಟ್ಟಲ್ಲಿ ನಿಂತಿತ್ತು. ಅವನು ಅದನ್ನು ಕಂಡೂ ಕಾಣದವನಂತೆ ಇದ್ದುಬಿಟ್ಟಿದ್ದ. ಸ್ವಲ್ಪ ತಡೆದು ತಿರುವಿನವರೆಗೆ ಎಳೆದುಕೊಂಡು ಹೋಗಿ, ಅಲ್ಲಿ ತಾನೇ ಬ್ರೇಕ್ ಒತ್ತಿ, "ಸಾವಕಾಶ ಇಳೀರಿ" ಎಂದಿದ್ದ. ಸ್ಪ್ರಿಂಗು ಮೇಲೆದ್ದಿರಲಿಲ್ಲ. ದೇವಕ್ಕ ಕಸದ ಡಬ್ಬಿಯ ಹತ್ತಿರ ಎಂದೂ ಇಳಿದವಳಲ್ಲ. ಮುಂದಿನ ತಿಂಗಳು ಇನ್ನೂ ಕೆಳಗೆ, ವಾಚ್‌ಮನ್‌ಗಳ ಕಟ್ಟೆಯ ಮುಂದೆ? ಆಮೇಲೆ ಗೇಟಿನಲ್ಲಿ? ಸತ್ತವಳನ್ನು ತಾನು ಗುಡ್ಡದ ಮೇಲೆ ಹಿಡಿದಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ. ಅವಳು ದಿನದಿನವೂ ಕೆಳಗೆ ಜಾರುತ್ತಿದ್ದಳು. ಮತ್ತು ಆ ಏರಿನ ಮೇಲೆ ಬದುಕಿರುವ ಒಬ್ಬಳು ವಾಕರ್ ಊರಿಕೊಂಡು ಎಡವುತ್ತಿದ್ದಳು.

ಸಂತು ಗಂಟು ಹಾಕಿ ದಾರ ಕತ್ತರಿಸಿದ.

"ನೀರಿನವು," ಎಂದ ಬಡೇಸಾಬ.

"ಏನಂದ್ರಿ?"

"ನೀರು ಹಾಕೂ ಬ್ಯಾಟ್ರಿನ. ನಾನ ಹಾಕತೀನಿ, ವಾರಕ್ಕೊಮ್ಮೆ. ದೊಡ್ಡದು ಕೊಡು ತಮ್ಮಾ."

ಸಂತು ಅವನ ಮುಖ ನೋಡಿದ, ಅಂಗಿ ನೋಡಿದ, ಕತ್ತರಿ ಕೆಳಗಿಟ್ಟ. "ಚಾಚಾ, ವಯಸ್ಸಾತು ನಿಮಗ. ಹೋಗಿ ಮಲಕೊಳ್ರಿ," ಎಂದು ನಗುತ್ತ ಏಣಿ ಹತ್ತಿದ. ಇಳಿಸಿದ ಡಬ್ಬ ಮಗುವಿನಷ್ಟು ಭಾರವಿತ್ತು.

ರೋಶನ್ ಮರುದಿನವೇ ಅದನ್ನು ಕಂಬಕ್ಕೆ ಬಿಗಿದ. ಬ್ಯಾಟರಿಗಳು ಇನ್ನೂ ಪೂರ್ತಿ ಸತ್ತಿಲ್ಲ, ಕೆಲವು ದಿನ ಹೆಚ್ಚು ಹೊತ್ತು ಕುದಿಸಿ ನೋಡೋಣ ಎಂದು ಒಂದು ಗುಂಡಿ ಒತ್ತಿದ. ಗಾಳಿಯಾಡಲೆಂದು ಸೀಟು ಎತ್ತಿಯೇ ಇಡಿಸಿದ, ಹತ್ತಿರ ಯಾರೂ ಬೀಡಿ ಹಚ್ಚಬಾರದೆಂದು ವಾಚ್‌ಮನ್‌ಗಳಿಗೆ ಗದರಿಸಿದ. ಗಾಡಿ ಕೆಲವು ದಿನ ಪಾರ್ಕಿಂಗಿನಲ್ಲೇ ನಿಂತಿತು. ಬಡೇಸಾಬ ಪಕ್ಕದಲ್ಲಿ ಸ್ಟೂಲು ಹಾಕಿ ಕೂತ. ಮುಚ್ಚಳಗಳ ಕೆಳಗೆ ನೀರು ಸಣ್ಣಗೆ ಗುಳುಗುಳು ಎನ್ನುತ್ತಿತ್ತು, ಬಹಳ ಜನ ಒಂದೇ ಕೋಣೆಯಲ್ಲಿ ಕೂತು ಪಿಸುಮಾತಾಡಿದಂತೆ. ಹುಳಿ ವಾಸನೆ ಮೂಗಿಗೆ ಹತ್ತಿತು. ಅವನು ಕಿವಿಗೊಟ್ಟು ಕೇಳಿದ. ಅದರಲ್ಲಿ ಯಾರ ದನಿಯೂ ಇರಲಿಲ್ಲ.

ಗಾಡಿ ಹೊರಗೆ ಬಂದ ಸಂಜೆ ಕೆರೆಯ ಮೇಲೆ ಮಂಜು ಕಟ್ಟಿತ್ತು. ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ನೀಲಾವತಿ ಕಾಯುತ್ತಿದ್ದಳು. ಅವನು ಕೈಕೊಟ್ಟು ಹತ್ತಿಸಿದ. ಹಿಂದಿನ ಸೀಟಿನಲ್ಲಿ ಕೂತು ಅವಳು ವಾಕರ್ ಮಡಚಿ ಕಾಲ ಬಳಿ ಇಟ್ಟುಕೊಂಡಳು. ಕಂಬವನ್ನು ಈಗಲೇ ಬಿಗಿಯಾಗಿ ಹಿಡಿದಿದ್ದಳು.

ವಾಚ್‌ಮನ್‌ಗಳ ಕಟ್ಟೆ ದಾಟಿತು. ಕಸದ ಡಬ್ಬಿಗಳು ದಾಟಿದವು. ಮೋಟರಿನ ದನಿ ಒಂದೇ ಸಮ ಇತ್ತು. ತಿರುವು ಬಂತು. ಬಡೇಸಾಬನ ಬಲಗಾಲು ಬ್ರೇಕಿನ ಮೇಲೆ ಹೋಗಲು ತಾನಾಗಿ ಎದ್ದಿತು. ಅವನು ಅದನ್ನು ಪೆಡಲಿಗೆ ಒತ್ತಿ ಹಿಡಿದ, ಒದ್ದಾಡುವ ಹಕ್ಕಿಯನ್ನು ಹಿಡಿದಂತೆ. ಗಾಡಿ ನಿಲ್ಲಲಿಲ್ಲ. ನಿಧಾನವೂ ಆಗಲಿಲ್ಲ. ಹಿಂದಿನ ಸ್ಪ್ರಿಂಗು ಏಳಲಿಲ್ಲ. ತಿರುವು ಬೇರೆ ಯಾವ ತಿರುವಿನಂತೆಯೂ ಪಕ್ಕಕ್ಕೆ ಸರಿದು ಬೆನ್ನ ಹಿಂದೆ ಹೋಯಿತು.

ಈಗ ಹಿಂದಿನಿಂದ ನೆಮ್ಮದಿಯ ನಿಟ್ಟುಸಿರು ಕೇಳುತ್ತದೆ ಎಂದು ಅವನು ಕಾದ. ಕೇಳಿಸಿದ್ದು ಬಿಕ್ಕುವ ಸದ್ದು. ಕನ್ನಡಿಯಲ್ಲಿ ನೋಡಿದ. ನೀಲಾವತಿ ಹಿಂದಕ್ಕೆ ತಿರುಗಿ ಆ ಖಾಲಿ ರಸ್ತೆಯನ್ನೇ ನೋಡುತ್ತಿದ್ದಳು.

ಪೋರ್ಟಿಕೋದಲ್ಲಿ ಇಳಿಸಿ, ವಾಕರ್ ಬಿಡಿಸಿ ಕೈಗಿತ್ತ. ಅವಳು ಒಳಗೆ ಹೋಗಲಿಲ್ಲ.

"ನಿಲ್ಲಲಿಲ್ಲ," ಎಂದಳು.

"ಚಾರ್ಜರ್ ಬದಲಿ ಮಾಡೀವ್ರಿ ಅಕ್ಕಾರ. ಮೊದಲಿಂದು ಸಣ್ಣದಿತ್ತು. ಅದಕ್ಕ ಸಂಜೀ ಹೊತ್ತಿಗೆ ದಮ್ಮು ಕಟ್ಟತಿತ್ತು."

"ಹಾಗಾದ್ರೆ ಅವರು ಇರಲೇ ಇಲ್ವಾ?" ಅವಳು ಮುಖ ಒರೆಸಿಕೊಳ್ಳಲಿಲ್ಲ. "ಸಿಟ್ಟಾದ್ರೂ ಸರಿ, ಅಲ್ಲಿದ್ದಾರೆ ಅಂತ ಇತ್ತು. ದಿನಾ ತಪ್ಪಾಯ್ತು ಅಂತಿದ್ದೆ. ಈಗ ಯಾರಿಗೆ ಹೇಳ್ಲಿ? ನಡೆಸಿ ನಡೆಸಿ ಕೊಂದವಳು, ತಪ್ಪಾಯ್ತು ಅನ್ಲಿಕ್ಕೂ ಜಾಗ ಇಲ್ಲ."

ಬಡೇಸಾಬ ಗಾಡಿಯ ಕಂಬ ಹಿಡಿದು ನಿಂತ. ಕೆಳಗೆ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು.

"ಅವರು ನಡೀತಿದ್ದಿಲ್ರೀ," ಎಂದ.

"ಏನು?"

"ನಡದು ಗುಡ್ಡ ಹತ್ತಿದಾವ್ರ ಅಲ್ಲ ಅವರು. ದಿನಾ ಈ ಗಾಡ್ಯಾಗ ಬರತಿದ್ರು. ಬಾಲ್ಕನಿಗೆ ಕಾಣಬಾರದಂತ ಆ ತಿರುವಿನ್ಯಾಗ ಇಳೀತಿದ್ರು. ನೀವು ಅವರನ್ನ ನಡಸಿಲ್ಲ ಅಕ್ಕಾರ. ಕೊಂದಿದ್ರ ನಾ ಕೊಂದಿರಬೇಕು, ಕೂಡಿಸಿಕೊಂಡು ಬಂದು."

ನೀಲಾವತಿ ತಲೆ ಅಲ್ಲಾಡಿಸಿದಳು.

"ಇಲ್ಲ. ಬೆವೆತು ಬರ್ತಿದ್ರು. ನಾನೇ ನೋಡ್ತಿದ್ದೆ."

"ಬಾಟ್ಲಿ ನೀರು, ಅಕ್ಕಾರ. ಇಳೀಯೂ ಮುಂಚೆ ಹಣಿಗೆ, ಕುತ್ತಿಗಿಗೆ ಚಿಮುಕಿಸಿಕೊಳ್ತಿದ್ರು."

"ಆ ಬೆವರು ನಾನು..." ಅವಳ ಕೈ ತನ್ನ ಸೆರಗಿನ ತುದಿಯನ್ನು ಹುಡುಕಿ ಹಿಡಿಯಿತು. "ದಿನಾ ಬಾಗಿಲಲ್ಲೇ ನನ್ನ ಸೆರಗಿನಲ್ಲಿ ಒರೆಸ್ತಿದ್ದೆ. ಒರೆಸುವಾಗ ಕಣ್ಣು ಮುಚ್ಚಿಕೊಂಡು ನಿಲ್ತಿದ್ರು. ಅದಕ್ಕೇನಾ? ಅದಕ್ಕೇ ಮಾಡ್ತಿದ್ರಾ?"

ಬಡೇಸಾಬನಿಗೆ ಇದು ಗೊತ್ತಿರಲಿಲ್ಲ. ತಿರುವಿನ ಆಚೆ, ಆ ಬಾಗಿಲಿನಲ್ಲಿ ಏನಾಗುತ್ತಿತ್ತು ಎಂದು ದೇವಕ್ಕ ಅವನಿಗೆ ಎಂದೂ ಹೇಳಿರಲಿಲ್ಲ. ಅವನಿಗೆ ಸಿಕ್ಕಿದ್ದು ಗೇಟಿನಿಂದ ತಿರುವಿನವರೆಗಿನ ದೇವಕ್ಕ. ಈಗ ಅವಳನ್ನೂ ಕೊಟ್ಟಾಗಿತ್ತು.

"ಹೇಳಿ ಬಡೇಸಾಬ್ರೆ. ಎಂತ ಮಾತಾಡ್ತಿದ್ರು? ನನ್ನ ಬಗ್ಗೆ ಹೇಳ್ತಿದ್ರಾ? ಎಲ್ಲಿ ಕೂತ್ಕೊಳ್ತಿದ್ರು, ಎದುರು ಕೂತ್ಕೊಳ್ತಿದ್ರಾ?"

"ಹಿಂದ್ರಿ. ನೀವು ಕುಂತಲ್ಲೇ."

ಅವಳು ಗಾಡಿಯ ಸೀಟನ್ನು ಮುಟ್ಟಿದಳು. ಮುಟ್ಟುತ್ತಲೇ ಕೇಳತೊಡಗಿದಳು: ನಗ್ತಿದ್ರಾ? ಆ ಕೊನೇ ಸಂಜೆಯೂ ಬಂದಿದ್ರಾ? ಕಾಲು ನೋವು ಅಂತ ನಿಮ್ಮ ಹತ್ರವೂ ಹೇಳಿದ್ರಾ? ಉಳಿದ ಮಾತುಗಳನ್ನೂ ಕೊಟ್ಟುಬಿಡಲು ಬಡೇಸಾಬನಿಗೆ ಮನಸ್ಸಾಗಲಿಲ್ಲ. ಚಾವಿಯನ್ನು ಗಾಡಿಯಲ್ಲೇ ಬಿಟ್ಟು, ಕಂಬದಿಂದ ಕೈ ತೆಗೆದು, ಇಳಿಜಾರಿನ ಕಡೆ ತಿರುಗಿದ.

"ಒಂದು ನಿಮಿಷ ನಿಲ್ಲಿ. ಇನ್ನೊಂದು ಕೇಳುದುಂಟು. ಆ ಹಿಂದಿನ ಸಂಜೆ ಅವರು..."

ಅವನು ಆಗಲೇ ರಸ್ತೆಯ ಅಂಚು ಹಿಡಿದು, ಮಂಜು ಕವಿದ ಏರನ್ನು ಇಳಿಯುತ್ತಿದ್ದ.